ತೆರೆಯ ಹಿಂದಿನ ಬಾಳು: ಚಿತ್ರಕಾರ ಲೊತ್ರೆಕ್

ಜನವರಿ ತಿಂಗಳು ಬಂದಿತೆಂದರೆ ನಮ್ಮ ಹೈದರಾಬಾದಿಗೆ ನುಮಾಯಿಷ್ ಬಂದಿತೆಂದೇ ಅರ್ಥ. ೧೯೩೮ರಲ್ಲಿ ಮೊದಲಾದ ಈ ವಸ್ತುಪ್ರದರ್ಶನವನ್ನು ನೋಡಲು ಹಿಮಾಯತ್‌ನಗರದ ಕನ್ನಡಿಗರಾದ ನಾವು ಮಕ್ಕಳುಮರಿಗಳೊಡನೆ ನಾಂಪಲ್ಲಿಯ ಬಯಲಿಗೆ ಹೋಗುವುದು ವಾಡಿಕೆ. ಶಾಲು, ಒಣಹಣ್ಣುಗಳ ವ್ಯಾಪಾರ ಮುಗಿದೊಡನೆ ಮಕ್ಕಳು ನಮ್ಮನ್ನು ಎಳೆದುಕೊಂಡು ಹೋಗುವುದು ಆಟದ ಡೇರೆಗಳ ಕಡೆಗೆ. ಮರದ ಹಲಗೆಯ ಬಾವಿಯೊಳಗೆ, ಗೋಡೆಯ ಮೇಲೆಯೇ ಮೋಟಾರು ಸೈಕಲ್ಲನ್ನು ಓಡಿಸುವ ಮೌತ್ ಕಾ ಕುವಾ ಆಟವನ್ನು ನೋಡಿ ನಾವು ಉಸಿರು ಬಿಗಿಹಿಡಿಯುತ್ತೇವೆ, ಚಪ್ಪಾಳೆ ತಟ್ಟುತ್ತೇವೆ, ಹೊರಗೆ ಬಂದು ಮಿರ್ಚಿ ಭಜಿ ತಿನ್ನುತ್ತೇವೆ. ಆಟಕ್ಕೂ ಆಟಕ್ಕೂ ನಡುವೆ ಆ ಸವಾರನು ಎಲ್ಲಿ ಕುಳಿತು ಚಹ ಕುಡಿಯುವನು, ಅವನ ಅಂಗಿಯನ್ನು ಒಗೆಯುವವರು ಯಾರು, ಬಯಲು ಬರಿದಾದ ಮೇಲೆ ಅವನ ಹೆಂಡಿರು ಮಕ್ಕಳು ಯಾವ ಊರಿಗೆ ಹೋಗುವರು ಎಂದು ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿರುವೆವು? ದುಡ್ಡು ಕೊಟ್ಟುದು ಆಟಕ್ಕೆ. ಆಟಗಾರನ ಬಾಳಿಗಲ್ಲ ಎಂಬುದು ನಮ್ಮ ಲೆಕ್ಕ.

ಈ ಲೆಕ್ಕವನ್ನು ಒಪ್ಪದ ಚಿತ್ರಕಾರನೊಬ್ಬನು ಫ್ರಾನ್ಸ್ ದೇಶದಲ್ಲಿದ್ದನು. ಅವನ ಹೆಸರು ಆಂರಿ ದ ತುಲೂಸ್-ಲೊತ್ರೆಕ್. ಸರ್ಕಸ್ಸಿನವರು, ಜಾತ್ರೆಯ ಡೇರೆಯವರು, ರಾತ್ರಿಯ ನೃತ್ಯಶಾಲೆಗಳಲ್ಲಿ ಕುಣಿದು ಹಾಡಿ ಹೊಟ್ಟೆ ಹೊರೆಯುವವರು, ಇವರೇ ಅವನ ಚಿತ್ರಗಳ ನಾಯಕ ನಾಯಿಕೆಯರು. ನಮ್ಮ ರಾಜ್ಯೋತ್ಸವದ ನವೆಂಬರ್ ತಿಂಗಳಿನಲ್ಲಿಯೇ ಹುಟ್ಟಿದ ಈತನ ಜೀವನವನ್ನು ಈ ಸಂಚಿಕೆಯ ಓದುಗರ ಮುಂದಿಡಲು ನಾವು ಬಯಸುತ್ತೇವೆ.

ಲೊತ್ರೆಕ್‌ನು ೧೮೬೪ನೆಯ ಇಸವಿ ನವೆಂಬರ್ ೨೪ರಂದು ದಕ್ಷಿಣ ಫ್ರಾನ್ಸಿನ ಆಲ್ಬಿ ಎಂಬ ಊರಿನಲ್ಲಿ ಜನಿಸಿದನು. ತುಲೂಸ್ ನಗರದ ಪ್ರಾಚೀನ ಪ್ರಭುಗಳ ವಂಶ ಅವನದು. ತಂದೆ ಕೌಂಟ್ ಆಲ್ಫೋನ್ಸ್, ಕುದುರೆ, ನಾಯಿ, ಡೇಗೆಗಳೊಡನೆ ಬೇಟೆಯಲ್ಲಿಯೇ ಕಾಲ ಕಳೆದವನು. ತಾಯಿ ಅದೇಲ್, ದೈವಭಕ್ತೆ, ತಾಳ್ಮೆಯ ಮೂರ್ತಿ. ಇವರಿಬ್ಬರ ತಾಯಂದಿರು ಒಡಹುಟ್ಟಿದ ಅಕ್ಕತಂಗಿಯರು. ಸೋದರಮಾವನ ಮಕ್ಕಳನ್ನು ತರುವ ನಮ್ಮಲ್ಲಿಯೂ ಅಕ್ಕತಂಗಿಯರ ಮಕ್ಕಳೆಂದರೆ ಅಣ್ಣತಂಗಿಯರ ವರಸೆ. ಅವರಲ್ಲಿ ಆ ಕಟ್ಟು ಇರಲಿಲ್ಲ. ಈ ಹತ್ತಿರದ ರಕ್ತಸಂಬಂಧದ ಫಲವಾಗಿಯೇ ಮಗನ ಎಲುಬುಗಳು ಹುಟ್ಟಿನಿಂದ ದುರ್ಬಲವಾಗಿದ್ದುವೆಂದು ಇಂದಿನ ವೈದ್ಯರಲ್ಲಿ ಬಹುಮಂದಿಯ ಅಭಿಪ್ರಾಯ. ಎರಡನೆಯ ಮಗುವೊಂದು ಎಳವೆಯಲ್ಲಿಯೇ ತೀರಿಕೊಂಡಿತು.

ಹದಿಮೂರನೆಯ ವಯಸ್ಸಿನಲ್ಲಿ, ೧೮೭೮ರ ಮೇ ತಿಂಗಳಿನಲ್ಲಿ, ಬಾಲಕನು ಕುರ್ಚಿಯಿಂದ ಏಳುವಾಗ ಜಾರಿ ಬಿದ್ದು ಎಡತೊಡೆಯ ಎಲುಬು ಮುರಿದುಕೊಂಡನು. ಮರುವರ್ಷ ಬಲತೊಡೆಯೂ ಮುರಿಯಿತು. ಎಲುಬುಗಳು ಕೂಡಿದರೂ ಕಾಲುಗಳು ಬೆಳೆಯಲಿಲ್ಲ. ಎದೆ, ತೋಳು, ತಲೆ ಪ್ರಾಯದವನಂತೆ ಬೆಳೆದುವು. ಕಾಲುಗಳು ಮಾತ್ರ ಹುಡುಗನ ಕಾಲುಗಳಾಗಿಯೇ ಉಳಿದುವು. ಐದಡಿಯೂ ಮುಟ್ಟದ ಎತ್ತರ, ಕೈಯಲ್ಲಿ ಊರುಗೋಲು, ತೂಗಾಡುವ ನಡಿಗೆ. ಅವನು ಬೀದಿಗಿಳಿದರೆ ಜನ ನಿಂತು ತಿರುಗಿ ನೋಡುತ್ತಿದ್ದರು. ಟಿಕೇಟಿಲ್ಲದೆ ಜನ ನೋಡುವ ಆಟ ತಾನಾಗುವುದೆಂದರೇನೆಂಬುದನ್ನು ಅವನು ಹದಿಹರೆಯದಲ್ಲಿಯೇ ಕಲಿತನು. ಅವನ ಮುಂದಿನ ಕಲೆಯ ಬೇರು ಇಲ್ಲಿದೆಯೆಂದು ನಮ್ಮ ನಂಬಿಕೆ.

ಹಾಸಿಗೆ ಹಿಡಿದ ಆ ತಿಂಗಳುಗಳಲ್ಲಿ ಹುಡುಗನಿಗೆ ಜೊತೆಯಾದುದು ಪೆನ್ಸಿಲು ಮತ್ತು ಬಣ್ಣ. ಏರಲಾಗದ ಕುದುರೆಗಳನ್ನು ಕಾಗದದ ಮೇಲೆ ಓಡಿಸಿದನು. ಅವನಿಗೆ ಮೊದಲ ಗುರುವಾಗಿ ದೊರೆತವನು ಪ್ರಿನ್ಸ್‌ತೋ ಎಂಬ ಚಿತ್ರಕಾರ, ತಂದೆಯ ಸ್ನೇಹಿತ. ಕುದುರೆಗಳ ಚಿತ್ರಕ್ಕೆ ಹೆಸರಾದ ಈತನು ಹುಟ್ಟು ಕಿವುಡ, ಮಾತೂ ಇರಲಿಲ್ಲ. ಮಾತಿಲ್ಲದ ಗುರು, ಕಾಲಿಲ್ಲದ ಶಿಷ್ಯ! ಪ್ಯಾರಿಸ್ಸಿನ ಫೆರ್ನಾಂಡೋ ಸರ್ಕಸ್ಸಿಗೆ ಶಿಷ್ಯನನ್ನು ಮೊದಲು ಕರೆದುಕೊಂಡು ಹೋದವನು ಇವನೇ. ಓಡುವ ಕುದುರೆಯ ಬೆನ್ನಿನ ಮೇಲೆ ನಿಲ್ಲುವ ಹುಡುಗಿಯನ್ನು ಕಂಡ ಆ ಸಂಜೆಗಳು ಲೊತ್ರೆಕ್‌ನ ಮನಸ್ಸಿನಿಂದ ಕೊನೆಯವರೆಗೆ ಮಾಸಲಿಲ್ಲ.

೧೮೮೨ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ಬೊನ್ನಾ, ಅನಂತರ ಕೊರ್ಮೋಂ ಎಂಬ ಆಚಾರ್ಯರ ಬಳಿ ಕ್ರಮವಾಗಿ ಅಭ್ಯಾಸ ಮಾಡಿದನು. ಕೊರ್ಮೋಂನ ಶಾಲೆಯಲ್ಲಿ ಅವನಿಗೆ ವ್ಯಾನ್ ಗೋನ ಪರಿಚಯವಾಯಿತು. ಮುಂದೆ ೧೮೯೦ರಲ್ಲಿ ಬ್ರಸೆಲ್ಸ್ ನಗರದ ಔತಣವೊಂದರಲ್ಲಿ ಯಾರೋ ವ್ಯಾನ್ ಗೋನನ್ನು ಹಳಿದಾಗ ಈ ಕುಳ್ಳನು ಎದ್ದುನಿಂತು ದ್ವಂದ್ವಯುದ್ಧಕ್ಕೆ ಕರೆದನೆಂದರೆ ಅವನ ಸ್ನೇಹ ಎಷ್ಟು ಬಿಸಿಯಾದುದೆಂಬುದು ತಿಳಿಯುತ್ತದೆ. ಆಚಾರ್ಯರು ಕಲಿಸಿದ ಪುರಾಣ, ಇತಿಹಾಸಗಳ ವಿಷಯಗಳು ಅವನಿಗೆ ಹಿಡಿಸಲಿಲ್ಲ. ಅವನು ಮೊಂಮಾರ್ತ್ರ್ ಎಂಬ ಗುಡ್ಡದ ಮೇಲಿನ ಬಡಾವಣೆಯಲ್ಲಿ ಮನೆ ಮಾಡಿದನು. ಅಗ್ಗದ ಬಾಡಿಗೆ, ಸಾರಾಯಿ ಅಂಗಡಿ, ಹಾಡು ಕುಣಿತ, ಸರ್ಕಸ್ಸು ಎಲ್ಲವೂ ಅಲ್ಲಿ ಒಂದೇ ಕೂಗಳತೆಯಲ್ಲಿದ್ದುವು. ವಂಶದ ಹೆಸರನ್ನು ಇಂತಹ ಕಡೆ ಬಳಸುವುದು ತಂದೆಗೆ ಸರಿಬೀಳಲಿಲ್ಲ. ಆದುದರಿಂದ ಕೆಲವು ಕಾಲ ಮಗನು ಹೆಸರಿನ ಅಕ್ಷರಗಳನ್ನು ಹಿಂದುಮುಂದು ಮಾಡಿ ತ್ರೆಕ್ಲೋ ಎಂದು ರುಜು ಹಾಕಿದನು.

ಸರ್ಕಸ್ಸನ್ನು ಚಿತ್ರಿಸಿದವನು ಇವನೊಬ್ಬನೇ ಎಂದು ತಿಳಿಯಬಾರದು. ಇದೇ ಫೆರ್ನಾಂಡೋ ಸರ್ಕಸ್ಸಿನಲ್ಲಿ ಹಲ್ಲಿನಿಂದ ಹಗ್ಗ ಕಚ್ಚಿ ಚಾವಣಿಗೆ ಏರುವ ಹೆಂಗಸನ್ನು ದೆಗಾ ಎಂಬ ಮಹಾಕಲಾವಿದನು ೧೮೭೯ರಲ್ಲಿಯೇ ಬರೆದಿದ್ದನು. ಅದೇ ವರ್ಷ ರೆನ್ವಾರ್ ಅಲ್ಲಿಯ ಇಬ್ಬರು ಹುಡುಗಿಯರನ್ನು ಬರೆದನು. ಲೊತ್ರೆಕ್‌ನೂ ೧೮೮೭-೮೮ರ ಸುಮಾರಿಗೆ ಕುದುರೆಯ ಮೇಲೆ ಸವಾರಿ ಮಾಡುವ ಹುಡುಗಿಯ ದೊಡ್ಡ ಚಿತ್ರವೊಂದನ್ನು ರಚಿಸಿದನು. ೧೮೮೯ರ ಅಕ್ಟೋಬರಿನಲ್ಲಿ ಮೂಲಾಂ ರೂಜ್, ಎಂದರೆ ಕೆಂಪು ಗಾಳಿಗಿರಣಿ, ಎಂಬ ನೃತ್ಯಶಾಲೆ ತೆರೆದಾಗ ಆ ಚಿತ್ರವನ್ನು ಅದರ ಪ್ರವೇಶಾಂಗಣದಲ್ಲಿ ತೂಗುಹಾಕಿದರು. ಅಲ್ಲಿ ಲೊತ್ರೆಕ್‌ನಿಗೆಂದೇ ಒಂದು ಮೇಜು ಕಾದಿರುತ್ತಿದ್ದಿತು. ರಾತ್ರಿಯೆಲ್ಲ ಅವನು ಅಲ್ಲಿ ಕುಳಿತು ಕುಡಿಯುವನು, ಹರಟುವನು, ಕೈಗೆ ಸಿಕ್ಕಿದ ಕಾಗದದ ಮೇಲೆ ಗೀಚುವನು.

ಆ ಶಾಲೆಯ ತಾರೆ ಲೂಯೀಸ್ ವೆಬೆರ್ ಎಂಬ ತರುಣಿ. ಗಿರಾಕಿಗಳ ಗ್ಲಾಸುಗಳನ್ನು ಬರಿದುಮಾಡುವ ಚಾಳಿಯಿಂದ ಆಕೆಗೆ ಲಾ ಗೂಲ್ಯೂ, ಹೊಟ್ಟೆಬಾಕಿ, ಎಂಬ ಅಡ್ಡಹೆಸರು ಬಿದ್ದಿತ್ತು. ೧೮೯೧ರಲ್ಲಿ ಆಕೆಯ ಕುಣಿತವನ್ನು ತೋರುವ ಒಂದು ಜಾಹೀರಾತು ಚಿತ್ರವನ್ನು ಲೊತ್ರೆಕ್‌ನು ಕಲ್ಲಚ್ಚಿನಲ್ಲಿ ತಯಾರಿಸಿದನು. ಪ್ಯಾರಿಸ್ಸಿನ ಗೋಡೆಗೋಡೆಗಳ ಮೇಲೆ ಅದು ಮೆರೆಯಿತು. ಬೆಳಗಾಗುವುದರೊಳಗೆ ಕುಣಿಯುವವಳಿಗೂ ಕೀರ್ತಿ, ಬರೆದವನಿಗೂ ಕೀರ್ತಿ. ಜಾಹೀರಾತೆಂಬ ಬೀದಿಯ ವಸ್ತುವೂ ಕಲೆಯಾಗಬಹುದೆಂದು ಜಗತ್ತಿಗೆ ತೋರಿಸಿದವರಲ್ಲಿ ಇವನು ಅಗ್ರಗಣ್ಯ.

ಜಾಹೀರಾತು ತೋರುವುದು ತೆರೆಯ ಮುಂದಿನ ಮುಖವನ್ನು. ಲೊತ್ರೆಕ್‌ನ ಹಿರಿಮೆ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಶಾಲೆಯಲ್ಲಿ ಜೇನ್ ಅವ್ರಿಲ್ ಎಂಬ ಇನ್ನೊಬ್ಬ ನರ್ತಕಿಯಿದ್ದಳು. ಹುಡುಗಿಯಾಗಿದ್ದಾಗ ತಾಯಿಯ ಹಿಂಸೆಯನ್ನು ತಾಳಲಾರದೆ ಮನೆ ಬಿಟ್ಟವಳು. ನರಗಳ ಬೇನೆಗಾಗಿ ಪ್ಯಾರಿಸ್ಸಿನ ಪ್ರಸಿದ್ಧ ಸಾಲ್‌ಪೆತ್ರಿಯೇರ್ ಆಸ್ಪತ್ರೆಯಲ್ಲಿ ಇದ್ದು ಬಂದವಳು. ವೇದಿಕೆಯ ಮೇಲೆ ಆಕೆ ಕಾಲನ್ನು ಆಕಾಶಕ್ಕೆ ಚಿಮ್ಮಿ ಕುಣಿಯುವುದನ್ನು ಲೊತ್ರೆಕ್‌ನು ಬರೆದಿರುವನು. ೧೮೯೨ರಲ್ಲಿ ಅವನು ಆಕೆಯ ಇನ್ನೊಂದು ಚಿತ್ರವನ್ನೂ ಬರೆದನು. ಅದರಲ್ಲಿ ಕುಣಿತವಿಲ್ಲ, ದೀಪವಿಲ್ಲ, ಚಪ್ಪಾಳೆಯಿಲ್ಲ. ಕೆಲಸ ಮುಗಿಸಿದ ಹೆಂಗಸೊಬ್ಬಳು ಸಾದಾ ಕೋಟು ತೊಟ್ಟು, ಜೇಬಿನಲ್ಲಿ ಕೈಯಿಟ್ಟು, ಮುಖ ತಗ್ಗಿಸಿ ಮನೆಯ ಕಡೆಗೆ ನಡೆದಿದ್ದಾಳೆ. ಹೆಸರು ತಿಳಿಯದಿದ್ದರೆ ಇವಳನ್ನು ಯಾವುದೋ ಶಾಲೆಯ ಉಪಾಧ್ಯಾಯಿನಿಯೆಂದು ಭಾವಿಸಬಹುದು. ಊರೆಲ್ಲ ಯಾರ ಕಾಲನ್ನು ನೋಡಲು ಮುಗಿಬೀಳುತ್ತಿತ್ತೋ ಆಕೆಯ ದಣಿವನ್ನು ಇವನು ನೋಡಿದನು. ಇಬ್ಬರೂ ಕೊನೆಯವರೆಗೆ ಸ್ನೇಹಿತರಾಗಿ ಉಳಿದರು.

ಅದೇ ಕಾಲದ ಮತ್ತೊಂದು ದೊಡ್ಡ ಚಿತ್ರದಲ್ಲಿ ನೃತ್ಯಶಾಲೆಯ ಒಂದು ಮೇಜಿನ ಸುತ್ತ ಗೆಳೆಯರು ಕುಳಿತಿದ್ದಾರೆ. ಹಿನ್ನೆಲೆಯಲ್ಲಿ ಲಾ ಗೂಲ್ಯೂ ಕನ್ನಡಿಯ ಮುಂದೆ ನಿಂತು ತಲೆಗೂದಲನ್ನು ಸರಿಪಡಿಸಿಕೊಳ್ಳುತ್ತಿದ್ದಾಳೆ. ಅವಳಾಚೆ ಎತ್ತರದ ಗಂಡಸೊಬ್ಬನ ಪಕ್ಕದಲ್ಲಿ ಗಿಡ್ಡನೊಬ್ಬನು ಸಾಗಿಹೋಗುತ್ತಿದ್ದಾನೆ. ಎತ್ತರದವನು ಲೊತ್ರೆಕ್‌ನ ದಾಯಾದಿ, ವೈದ್ಯ. ಗಿಡ್ಡನು ಸ್ವತಃ ಲೊತ್ರೆಕ್. ಇತರರನ್ನು ನಿರ್ದಾಕ್ಷಿಣ್ಯವಾಗಿ ನೋಡುವವನು ತನ್ನನ್ನೂ ಅದೇ ಕಣ್ಣಿನಿಂದ ನೋಡಿಕೊಂಡನು.

ಆ ದಿನಗಳಲ್ಲಿ ಶಾ-ಯು-ಕಾವೋ ಎಂಬ ವಿಚಿತ್ರ ಹೆಸರಿನ ಹೆಂಗಸೊಬ್ಬಳು ಸರ್ಕಸ್ಸಿನಲ್ಲಿ ಜೋಕರ್ ವೇಷ ಹಾಕುತ್ತಿದ್ದಳು. ಹೆಸರು ಚೀನೀಯರದಂತೆ ಕೇಳಿಸಿದರೂ ಅದು ಗದ್ದಲದ ಕುಣಿತ ಎಂಬರ್ಥದ ಫ್ರೆಂಚ್ ಮಾತುಗಳನ್ನು ತಿರುಚಿದುದು, ಅಷ್ಟೇ. ಗಂಡಸರ ಕಸುಬಾಗಿದ್ದ ವಿದೂಷಕತನವನ್ನು ಕೈಕೊಂಡ ಹೆಣ್ಣು ಆಕೆ. ೧೮೯೫ರ ಚಿತ್ರವೊಂದರಲ್ಲಿ ಆಕೆ ತನ್ನ ಕೋಣೆಯಲ್ಲಿ ಕುಳಿತು ರವಿಕೆಗೆ ಹಳದಿಯ ದೊಡ್ಡ ಝಾಲರನ್ನು ಸಿಕ್ಕಿಸಿಕೊಳ್ಳುತ್ತಿದ್ದಾಳೆ. ನಗಿಸುವ ಕೆಲಸಕ್ಕೆ ಆಕೆ ಸಜ್ಜಾಗುತ್ತಿರುವ ಬಗೆ, ಗುಮಾಸ್ತನು ಕಚೇರಿಗೆ ಹೊರಡುವ ಮೊದಲು ಗುಂಡಿ ಹಾಕಿಕೊಳ್ಳುವ ಬಗೆಯೇ. ಮರುವರ್ಷದ ಕಲ್ಲಚ್ಚಿನ ಚಿತ್ರವೊಂದರಲ್ಲಿ ಅದೇ ಹೆಂಗಸು ಅದೇ ವೇಷದಲ್ಲಿ ಬೆಂಚಿನ ಮೇಲೆ ಕಾಲು ಅಗಲಿಸಿ, ಕೈಗಳನ್ನು ಜೋಡಿಸಿ, ದುಡಿದು ಬಂದ ಕೂಲಿಯವಳಂತೆ ಕುಳಿತಿದ್ದಾಳೆ. ನಗಿಸುವವರ ಮುಖದಲ್ಲಿ ನಗೆಯಿಲ್ಲದ ಆ ಗಳಿಗೆಯನ್ನು ಕನಿಕರದ ಕಣ್ಣೀರೂ ಇಲ್ಲದೆ, ಹಾಸ್ಯವೂ ಇಲ್ಲದೆ ಹಿಡಿಯುವುದು ಸಾಮಾನ್ಯದ ಮಾತಲ್ಲ.

ಇನ್ನೊಬ್ಬನ ಕಥೆಯನ್ನೂ ಹೇಳಬೇಕು. ಕ್ಯೂಬಾ ದ್ವೀಪದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ರಫಾಯೆಲ್ ಎಂಬ ಕರಿಯನು ಪ್ಯಾರಿಸ್ಸಿನಲ್ಲಿ ಶೊಕೊಲಾ ಎಂಬ ಹೆಸರಿನಿಂದ ವಿದೂಷಕನಾಗಿದ್ದನು. ಫೂಟಿಟ್ ಎಂಬ ಆಂಗ್ಲ ವಿದೂಷಕನು ರಾತ್ರಿ ರಾತ್ರಿಯೂ ಅವನನ್ನು ಒದೆಯುವುದು, ಹೊಡೆಯುವುದು, ಜನ ಬಿದ್ದು ಬಿದ್ದು ನಗುವುದು, ಇದೇ ಅವರ ಜೋಡಿಯ ಆಟ. ಲೊತ್ರೆಕ್‌ನು ೧೮೯೬ರಲ್ಲಿ ಬರೆದ ಚಿತ್ರದಲ್ಲಿ ಆಟ ಮುಗಿದಿದೆ. ಚಿಕ್ಕದೊಂದು ಮದ್ಯದಂಗಡಿಯಲ್ಲಿ ಶೊಕೊಲಾ ಒಬ್ಬನೇ, ತನ್ನ ಸಂತೋಷಕ್ಕಾಗಿ, ತೋಳನ್ನು ಮೇಲೆತ್ತಿ ಕುಣಿಯುತ್ತಿದ್ದಾನೆ. ಮೈಯಲ್ಲಿ ಎಂತಹ ಲಾಲಿತ್ಯ! ಡೇರೆಯೊಳಗೆ ಒದೆಸಿಕೊಳ್ಳುವವನು ಹೊರಗೆ ನಟರಾಜ. ಇದನ್ನು ಅಂಗಡಿಯ ಮೂಲೆಯಲ್ಲಿ ಕುಳಿತ ಕುಂಟನೊಬ್ಬನಲ್ಲದೆ ಬೇರೆ ಯಾರು ಕಾಣಬಲ್ಲವರಾಗಿದ್ದರು?

ಹಾಗೆಂದು ಲೊತ್ರೆಕ್‌ನನ್ನು ಸಂತನೆಂದು ಪೂಜಿಸುವುದು ನಮ್ಮ ಉದ್ದೇಶವಲ್ಲ. ಮನೆಯಿಂದ ಹಣ ಬರುತ್ತಿದ್ದುದರಿಂದ ಅವನಿಗೆ ಹೊಟ್ಟೆಯ ಚಿಂತೆ ಇರಲಿಲ್ಲ. ಅವನು ಬರೆದ ಜನರಿಗೆ ಇದ್ದ ಚಿಂತೆ ಅದೊಂದೇ. ಇವೆತ್ ಗಿಲ್ಬೇರ್ ಎಂಬ ಪ್ರಸಿದ್ಧ ಗಾಯಕಿ ಇವನ ಚಿತ್ರಗಳಲ್ಲಿ ತನ್ನ ಮುಖ ಇಷ್ಟು ಕುರೂಪವಾಗಿ ಬಂದಿದೆಯಲ್ಲಾ ಎಂದು ನೊಂದುಕೊಂಡಳು. ಅವನು ವೇಶ್ಯಾಗೃಹಗಳಲ್ಲಿ ದಿನಗಟ್ಟಲೆ ತಂಗಿ ಅಲ್ಲಿಯ ಹೆಂಗಸರು ಉಣ್ಣುವುದನ್ನೂ ಮಲಗುವುದನ್ನೂ ಬೇಸರದಿಂದ ಕಾದು ಕುಳಿತಿರುವುದನ್ನೂ ಬರೆದನು. ಅಲ್ಲಿಯೇ ರೋಗವನ್ನೂ ಅಂಟಿಸಿಕೊಂಡನು. ಕುಡಿತವಂತೂ ಮಿತಿಮೀರಿತು. ಊರುಗೋಲನ್ನು ಟೊಳ್ಳು ಮಾಡಿಸಿ ಅದರೊಳಗೆ ಮದ್ಯ ತುಂಬಿಸಿಕೊಳ್ಳುತ್ತಿದ್ದನೆಂದು ಪ್ರತೀತಿ. ಆದರೂ ಒಂದು ಮಾತು ನಿಜ. ಆ ಜನ ಅವನ ಮುಂದೆ ಸಂಕೋಚವಿಲ್ಲದೆ ಇದ್ದರು. ವೇಷ ಕಳಚಿದ ಮುಖವನ್ನು ಯಾರೂ ಅಪರಿಚಿತನಿಗೆ ತೋರುವುದಿಲ್ಲ. ಅವರು ಇವನನ್ನು ತಮ್ಮವನೆಂದು ಒಳಗೆ ಬಿಟ್ಟುಕೊಂಡಿದ್ದರು.

೧೮೯೫ರಲ್ಲಿ ಲಾ ಗೂಲ್ಯೂ ಮೂಲಾಂ ರೂಜನ್ನು ಬಿಟ್ಟಳು. ಮೈ ದಪ್ಪವಾಗಿತ್ತು, ಹೊಸ ತಾರೆಯರು ಹುಟ್ಟಿದ್ದರು. ಪ್ಯಾರಿಸ್ಸಿನ ದೊಡ್ಡ ಜಾತ್ರೆಯಾದ ತ್ರೋನ್ ಜಾತ್ರೆಯಲ್ಲಿ ಆಕೆ ಸ್ವಂತ ಡೇರೆ ಹಾಕಿ ಕುಣಿಯಲು ನಿಶ್ಚಯಿಸಿದಳು. ಡೇರೆಯ ಬಾಗಿಲಿಗೆ ಚಿತ್ರ ಬೇಕೆಂದು ಹಳೆಯ ಗೆಳೆಯನಿಗೆ ಕಾಗದ ಬರೆದಳು. ಅಷ್ಟು ಹೊತ್ತಿಗೆ ಹೆಸರುವಾಸಿಯಾಗಿದ್ದ ಲೊತ್ರೆಕ್‌ನು ಜಾತ್ರೆಯ ಡೇರೆಗೆ ಬರೆಯುವುದು ಕೀಳೆಂದು ಬಗೆಯಲಿಲ್ಲ. ಸುಮಾರು ಹತ್ತಡಿ ಉದ್ದ ಹತ್ತಡಿ ಅಗಲದ ಎರಡು ಪರದೆಗಳನ್ನು ಬರೆದುಕೊಟ್ಟನು. ಒಂದರಲ್ಲಿ ಆಕೆಯ ಹಿಂದಿನ ವೈಭವ. ಇನ್ನೊಂದರಲ್ಲಿ ಡೇರೆಯ ಹೊಸ ಕುಣಿತ. ಎರಡನೆಯದರಲ್ಲಿ ನೋಡುಗರ ಗುಂಪಿನಲ್ಲಿ ಆಸ್ಕರ್ ವೈಲ್ಡ್‌ನನ್ನೂ ಜೇನ್ ಅವ್ರಿಲ್‌ಳನ್ನೂ ತನ್ನನ್ನೂ ಬೆನ್ನು ಕಾಣುವಂತೆ ನಿಲ್ಲಿಸಿದನು.

ಡೇರೆ ಬಹಳ ದಿನ ನಡೆಯಲಿಲ್ಲ. ಲಾ ಗೂಲ್ಯೂ ಸಿಂಹಗಳನ್ನು ಆಡಿಸುವವಳಾದಳು, ಅದೂ ಕೈಹಿಡಿಯಲಿಲ್ಲ. ಕಡೆಗಾಲದಲ್ಲಿ ಒಂದು ಕಾಲಕ್ಕೆ ತಾನು ಮೆರೆದ ಮೂಲಾಂ ರೂಜಿನ ಬಳಿಯೇ ಕಡಲೆಕಾಯಿ, ಸಿಗರೇಟು ಮಾರಿದಳು. ೧೯೨೯ರ ಜನವರಿಯಲ್ಲಿ ಬಡತನದಲ್ಲಿ ತೀರಿಕೊಂಡಳು. ಅತ್ತ ಆ ಪರದೆಗಳ ಗತಿಯೇನಾಯಿತು? ಅವು ಕೈಯಿಂದ ಕೈಗೆ ಹೋಗಿ, ೧೯೨೬ರಲ್ಲಿ ವ್ಯಾಪಾರಿಯೊಬ್ಬನು ಹೆಚ್ಚು ಲಾಭಕ್ಕೆ ಆಸೆಪಟ್ಟು ಅವನ್ನು ತುಂಡುತುಂಡಾಗಿ ಕತ್ತರಿಸಿ ಮಾರಿದನು. ಆಕೆ ಸತ್ತ ವರ್ಷವೇ ಲೂವ್ರ್ ವಸ್ತುಸಂಗ್ರಹಾಲಯದವರು ಆ ತುಂಡುಗಳನ್ನು ಕೊಂಡು ಮತ್ತೆ ಹೊಲಿಸಿದರು. ಇಂದು ಅವು ಪ್ಯಾರಿಸ್ಸಿನ ಓರ್ಸೇ ಸಂಗ್ರಹಾಲಯದಲ್ಲಿವೆ. ಚಿತ್ರವನ್ನು ಉಳಿಸಿದ ನಾಡು ಚಿತ್ರದಲ್ಲಿದ್ದವಳನ್ನು ಉಳಿಸಿಕೊಳ್ಳಲಿಲ್ಲ. ೧೯೯೨ರಲ್ಲಿ ಆಕೆಯ ಅವಶೇಷವನ್ನು ಮೊಂಮಾರ್ತ್ರಿನ ಸ್ಮಶಾನಕ್ಕೆ ಗೌರವದಿಂದ ತಂದರೆಂಬುದಷ್ಟೇ ಸಮಾಧಾನ.

ಲೊತ್ರೆಕ್‌ನ ದೇಹ ಕುಡಿತಕ್ಕೆ ಸೋತಿತು. ೧೮೯೯ರ ಆದಿಯಲ್ಲಿ ಅವನಿಗೆ ಚಿತ್ತಭ್ರಮೆಯಾಗಿ ನಗರದ ಅಂಚಿನ ಚಿಕಿತ್ಸಾಲಯವೊಂದರಲ್ಲಿ ಇರಿಸಿದರು. ಬಾಗಿಲಿಗೆ ಬೀಗ, ಬದಿಯಲ್ಲಿ ಕಾವಲಿನವನು. ಜೀವಮಾನವೆಲ್ಲ ಇತರರನ್ನು ನೋಡಿದವನು ಈಗ ವೈದ್ಯರು ನೋಡುವ ವಸ್ತುವಾದನು. ತನ್ನ ಬುದ್ಧಿ ನೆಟ್ಟಗಿದೆಯೆಂದು ಸಾಧಿಸಲು ಅವನಿಗೆ ಉಳಿದ ಸಾಕ್ಷಿ ಕೈ ಮತ್ತು ನೆನಪು. ಯಾವ ಮಾದರಿಯೂ ಇಲ್ಲದೆ, ಬಾಲ್ಯದಲ್ಲಿ ಕಂಡ ಸರ್ಕಸ್ಸನ್ನು ನೆನೆದು ಮೂವತ್ತೊಂಬತ್ತು ಚಿತ್ರಗಳನ್ನು ಬಣ್ಣದ ಕಡ್ಡಿಗಳಿಂದ ಬರೆದನು. ಕುದುರೆ, ಸವಾರಿಯ ಹುಡುಗಿ, ವಿದೂಷಕ, ಪಳಗಿಸಿದ ನಾಯಿ, ಆನೆ ಎಲ್ಲವೂ ಅಲ್ಲಿವೆ. ಸುತ್ತಣ ಆಸನಗಳು ಮಾತ್ರ ಬಹುಮಟ್ಟಿಗೆ ಖಾಲಿ. ನೋಡುವ ಜನವೇ ಇಲ್ಲದ ಸರ್ಕಸ್ಸು! ಆಟದವರು ಯಾರ ಚಪ್ಪಾಳೆಗೂ ಕಾಯದೆ ತಮ್ಮ ತಮ್ಮಲ್ಲಿಯೇ ಅಭ್ಯಾಸ ಮಾಡುತ್ತಿರುವಂತೆ ತೋರುತ್ತದೆ. ಅದೇ ವರ್ಷದ ಮೇ ತಿಂಗಳಿನಲ್ಲಿ ವೈದ್ಯರು ಅವನನ್ನು ಬಿಡುಗಡೆ ಮಾಡಿದರು. ಬಿಡುಗಡೆಯನ್ನು ತನ್ನ ಚಿತ್ರಗಳಿಂದಲೇ ಸಂಪಾದಿಸಿಕೊಂಡೆನೆಂದು ಅವನು ಹೆಮ್ಮೆಪಟ್ಟನು.

ಆದರೆ ಕುಡಿತ ಮರಳಿತು. ೧೯೦೧ರ ಸೆಪ್ಟೆಂಬರ್ ೯ರಂದು ಮಾಲ್ರೋಮೆ ಎಂಬಲ್ಲಿಯ ತಾಯಿಯ ಮನೆಯಲ್ಲಿ, ತಾಯಿಯ ಎದುರಿಗೆ, ಅವನು ಕೊನೆಯುಸಿರೆಳೆದನು. ಆಗ ಅವನಿಗೆ ಮೂವತ್ತೇಳು ಇನ್ನೂ ತುಂಬಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಕಡಮೆಯ ಅವಧಿಯಲ್ಲಿ ಏಳುನೂರಕ್ಕೂ ಹೆಚ್ಚು ವರ್ಣಚಿತ್ರಗಳು, ಮುನ್ನೂರಕ್ಕೂ ಮೀರಿದ ಅಚ್ಚಿನ ಚಿತ್ರಗಳು, ಸಾವಿರಾರು ರೇಖಾಚಿತ್ರಗಳು ಅವನ ಕೈಯಿಂದ ಹೊರಬಂದಿದ್ದುವು. ತಾಯಿಯೂ ಗೆಳೆಯ ಮೋರಿಸ್ ಜ್ವಾಯಾಂನೂ ಉಳಿದ ಚಿತ್ರಗಳನ್ನು ಕಾಪಾಡಿ ಹುಟ್ಟೂರಿಗೆ ಒಪ್ಪಿಸಿದರು. ೧೯೨೨ರಲ್ಲಿ ಆಲ್ಬಿಯ ಹಳೆಯ ಧರ್ಮಾಧ್ಯಕ್ಷರ ಅರಮನೆಯಲ್ಲಿ ಅವನ ಸಂಗ್ರಹಾಲಯ ತೆರೆಯಿತು. ಧರ್ಮಾಧ್ಯಕ್ಷರು ಬಾಳಿದ ಗೋಡೆಗಳ ನಡುವೆ ಇಂದು ಕುಣಿಯುವವರೂ ಕೋಡಂಗಿಗಳೂ ವೇಶ್ಯೆಯರೂ ಗೌರವದಿಂದ ನೆಲಸಿದ್ದಾರೆ.

ದೂರದ ಫ್ರಾನ್ಸಿನ ಈ ಕಥೆಯಿಂದ ಕನ್ನಡಿಗರಾದ ನಮಗೇನು ಎಂದು ಓದುಗರು ಕೇಳಬಹುದು. ನಮ್ಮ ನಾಡು ಆಟದವರ ನಾಡು. ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಬಳಿದುಕೊಂಡ ಮಹಿಷಾಸುರನು ಬೀಡಿ ಸೇದುತ್ತ ಮಗಳ ಮದುವೆಯ ಸಾಲವನ್ನು ಲೆಕ್ಕಹಾಕುತ್ತಿರಬಹುದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಡೇರೆ ಹಾಕುವ ನಾಟಕ ಕಂಪನಿಯ ನಾಯಕಿ ಆಟ ಮುಗಿದ ಮೇಲೆ ಡೇರೆಯ ಹಿಂದೆ ಮೂರು ಕಲ್ಲಿನ ಒಲೆ ಹೂಡಿ ಮಗುವಿಗೆ ಅನ್ನ ಬೇಯಿಸುತ್ತಿರಬಹುದು. ಹಗಲುವೇಷದವರು, ದೊಂಬರು, ಕಿಳ್ಳೇಕ್ಯಾತರು ನಮ್ಮ ಕಲಬುರಗಿ ರಾಯಚೂರುಗಳ ಊರೂರು ಅಲೆದು ನಮ್ಮ ಹಿರಿಯರನ್ನು ನಗಿಸಿದ್ದಾರೆ. ಅವರ ವೇಷದ ಚಿತ್ರಗಳು ಪುಸ್ತಕಗಳಲ್ಲಿಯೂ ಕ್ಯಾಲೆಂಡರುಗಳಲ್ಲಿಯೂ ಬೇಕಾದಷ್ಟಿವೆ. ವೇಷ ಕಳಚಿದ ಮುಖ ನಮ್ಮ ಕಣ್ಣಿಗೆ ಬಿದ್ದುದು ವಿರಳ.

ರಾಜ್ಯೋತ್ಸವದ ದಿನ ನಮ್ಮ ಸಂಘದ ವೇದಿಕೆಗೂ ಕಲಾವಿದರು ಬರುತ್ತಾರೆ. ಅವರ ಆಟ ಮುಗಿದೊಡನೆ ನಾವು ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಊಟದ ಎಲೆಯ ಕಡೆಗೆ ಧಾವಿಸುತ್ತೇವೆ. ಈ ಸಲ ಒಂದು ಗಳಿಗೆ ತಡೆದು ತೆರೆಯ ಹಿಂದಕ್ಕೆ ಹೋಗೋಣ. ಬಣ್ಣ ಒರೆಸಿಕೊಳ್ಳುತ್ತಿರುವವರ ಎದುರು ಕುಳಿತು, ಊಟವಾಯಿತೇ, ಊರು ಯಾವುದು, ಮಕ್ಕಳೆಷ್ಟು, ಹಿಂದಿರುಗಲು ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸೋಣ. ನಮ್ಮ ಮಕ್ಕಳಲ್ಲಿ ಯಾರ ಕೈಯಲ್ಲಾದರೂ ಪೆನ್ಸಿಲಿದ್ದರೆ ಅವರನ್ನೂ ಜೊತೆಗೆ ಕರೆದೊಯ್ಯೋಣ.